ಮೊದಲು ಊರಿಗೆ ಹೇಳಿದ ಮಾತು

ಪ್ರಮಿಳಾ ಪ್ರಾಜೆಕ್ಟ್ ಮ್ಯಾನೇಜರ್ ಆದದ್ದು ತಾನಾಗಿ ಕೇಳಿಕೊಂಡಲ್ಲ. ಬೆಳಗಾವಿಯ ಉದ್ಯಮಬಾಗದಲ್ಲಿ ಗುರುಪುತ್ರಪ್ಪನವರದೊಂದು ಕಾರ್ಖಾನೆ ಇದೆ. ಗೋದಾಮಿನ ಚಾವಣಿ, ಕಬ್ಬಿಣದ ಶೆಡ್ಡು, ಸಣ್ಣಪುಟ್ಟ ಸೇತುವೆ ಇಂಥವನ್ನು ಕತ್ತರಿಸಿ, ಬೆಸೆದು, ಒಯ್ದು ನಿಲ್ಲಿಸಿ ಕೊಡುವುದು ಅಲ್ಲಿನ ಕೆಲಸ. ಸಿವಿಲ್ ಡಿಪ್ಲೊಮಾ ಮುಗಿಸಿದ ಹೊಸದರಲ್ಲಿ ಅವಳು ಅಲ್ಲಿ ತೊಲೆಗಳ ಅಳತೆ ತಪಾಸಣೆಗೆ ಸೇರಿದ್ದಳು. ಮುಂದೆ ಹಳೆಯ ಮ್ಯಾನೇಜರು ಕೊಲ್ಹಾಪುರದ ಯಾವುದೋ ಕಂಪನಿಗೆ ಹೋದಾಗ ಗುರುಪುತ್ರಪ್ಪನವರು ಅವಳನ್ನು ಕರೆದು, "ಇನ್ನೊಬ್ರು ಸಿಗೂ ತನಾ ನೀನ ನೋಡಿಕೋವಾ" ಅಂದರು. ಇನ್ನೊಬ್ಬರು ಸಿಗಲಿಲ್ಲ. ಅವರು ಹುಡುಕಲೂ ಇಲ್ಲ.

ಅವಳ ಮನೆತನ ಕಾಕತಿಯದು. ತಂದೆ ಭರಮಪ್ಪ ಅಲ್ಲಿನ ಗುಡ್ಡದ ಬುಡದಲ್ಲಿ ಕುರಿ ಮೇಯಿಸಿಕೊಂಡು ಬೆಳೆದವರು. ಹೈವೇ ಅಗಲವಾಗಿ, ಮೇವಿನ ಜಾಗದಲ್ಲಿ ಧಾಬಾ ಮತ್ತು ಮಂಗಲ ಕಾರ್ಯಾಲಯಗಳು ಎದ್ದ ಮೇಲೆ ಹಿಂಡು ಮಾರಿ ಫೌಂಡ್ರಿಯ ಕೆಲಸಕ್ಕೆ ಹೋದರು. ಗಂಡ ಶಿವಲಿಂಗ ಆಟೋ ನಗರದಲ್ಲಿ ಲಾರಿಗಳ ಗೇರ್ ಬಾಕ್ಸ್ ಬಿಚ್ಚಿ ಕಟ್ಟುವ ಮೇಸ್ತ್ರಿ. ಮಗಳು ಶೀತಲ ಏಳನೆಯ ಇಯತ್ತೆ. ಬೆಳಿಗ್ಗೆ ಮಗಳನ್ನು ಶಾಲೆಗೆ ಬಿಟ್ಟು ಪ್ರಮಿಳಾ ಸ್ಕೂಟರಿನಲ್ಲಿ ಊರಿನ ಆ ತುದಿಯಿಂದ ಈ ತುದಿಗೆ ಬರುತ್ತಿದ್ದಳು.

ಹೊಸ ಕೆಲಸಕ್ಕೆ ಕುಳಿತ ಕೆಲವೇ ದಿನಗಳಲ್ಲಿ ಅವಳಿಗೆ ಒಂದು ಮಾತು ಗೊತ್ತಾಯಿತು. ಕೆಲಸ ಮಾಡಿಸುವುದು ಅರ್ಧವಾದರೆ, ಕೆಲಸ ಎಲ್ಲಿಗೆ ಬಂತು ಅಂತ ಹೇಳುವುದು ಇನ್ನರ್ಧ. ಮಾಲಕರಿಗೊಂದು ಬಗೆ ಹೇಳಬೇಕು, ದುಡ್ಡು ಹಾಕಿದವರಿಗೊಂದು ಬಗೆ, ವಿನ್ಯಾಸ ಮಾಡುವ ಎಂಜಿನಿಯರಿಗೊಂದು ಬಗೆ. ಒಂದೇ ಸಂಗತಿ, ಆದರೆ ಮಾಲಕರಿಗೆ ಯಾವ ಮಷೀನು ಯಾವಾಗ ಖಾಲಿ ಆಗುತ್ತದೆ ಅನ್ನುವುದು ಬೇಕು; ದುಡ್ಡು ಹಾಕಿದವರಿಗೆ ಫೋಟೊ ಮತ್ತು ತಾರೀಖು ಬೇಕು. ಅವಳಿಗೆ ಇದು ಕಷ್ಟವೆನಿಸಲಿಲ್ಲ. ಶನಿವಾರ ಮಧ್ಯಾಹ್ನ ಊಟದ ಡಬ್ಬಿ ತೊಳೆದಿಟ್ಟು, ಕಂಪ್ಯೂಟರಿನ ಮುಂದೆ ಕುಳಿತು, ಕೆಲಸ ಸರಿಯಾಗಿ ನಡೆದಿದ್ದರೆ ಹಸಿರು, ತುಸು ಹಿಂದೆ ಬಿದ್ದಿದ್ದರೆ ಹಳದಿ, ನಿಂತೇ ಹೋಗಿದ್ದರೆ ಕೆಂಪು ಬಣ್ಣ ತುಂಬಿ ಆ ವಾರದ ಹಾಳೆಯನ್ನು ಎಲ್ಲರಿಗೂ ಕಳಿಸಿಬಿಡುತ್ತಿದ್ದಳು. ಕೆಂಪು ತುಂಬುವ ಪ್ರಸಂಗ ಬಂದಿರಲಿಲ್ಲ.

ಆಮೇಲೆ ಕರಂಜವಾಡಾದ ಸೇತುವೆ ಬಂತು.

ಕರಂಜವಾಡಾ ಖಾನಾಪುರದ ಪಶ್ಚಿಮಕ್ಕೆ ಕಾಡಿನೊಳಗಿನ ಸಣ್ಣ ಊರು. ಊರಿಗೂ ಡಾಂಬರು ರಸ್ತೆಗೂ ನಡುವೆ ಒಂದು ಹಳ್ಳ. ಬೇಸಿಗೆಯಲ್ಲಿ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ದಾಟಬಹುದು. ಮಳೆ ಹಿಡಿದರೆ ಅದೇ ಹಳ್ಳ ಕೆಂಪು ನೀರು ತುಂಬಿ, ಮರದ ಬೊಡ್ಡೆಗಳನ್ನು ಉರುಳಿಸಿಕೊಂಡು ಹೋಗುತ್ತದೆ. ಊರಿನವರು ಪ್ರತಿವರ್ಷ ಬೇಸಿಗೆಯ ಕೊನೆಗೆ ದಿಮ್ಮಿ, ಬಿದಿರು ಕಟ್ಟಿ ಒಂದು ಕಾಲುಸೇತುವೆ ಮಾಡಿಕೊಳ್ಳುತ್ತಿದ್ದರು. ಅವರ ಮರಾಠಿಯಲ್ಲಿ ಅದಕ್ಕೆ ಸಾಕವ ಅನ್ನುತ್ತಾರೆ. ಪುಣೆಯ ಒಂದು ಟ್ರಸ್ಟು ಅಲ್ಲಿ ಕಬ್ಬಿಣದ ಕಾಲುಸೇತುವೆ ಕಟ್ಟಿಸಲು ಮುಂದೆ ಬಂದಿತ್ತು. ಕೆಲಸ ಗುರುಪುತ್ರಪ್ಪನವರಿಗೆ ಸಿಕ್ಕಿತು.

ದೀಪಾವಳಿಯ ನಂತರ ಕೆಲಸ ಶುರುವಾಯಿತು. ವಾರಕ್ಕೊಮ್ಮೆ ಪ್ರಮಿಳಾ ಕರಂಜವಾಡಾಕ್ಕೆ ಹೋಗುತ್ತಿದ್ದಳು. ಹೋದಾಗಲೆಲ್ಲ ಲಕ್ಷ್ಮೀ ಆಜಿ ಅನ್ನುವ ಮುದುಕಿ ಅಂಗಳದಿಂದಲೇ ಕರೆದು, ಬೆಲ್ಲದ ಚಹಾ ಕೊಟ್ಟು, ಮರಾಠಿ ಕನ್ನಡ ಎರಡನ್ನೂ ಕಲಸಿ ಮಾತಾಡಿಸುತ್ತಿದ್ದಳು. ಆಜಿ ಆ ಊರಿನಲ್ಲಿ ಎಲ್ಲರಿಗಿಂತ ಹಿರಿಯಳು. ಸೇತುವೆಯ ಬಗ್ಗೆ ಅವಳ ಪ್ರಶ್ನೆ ಒಂದೇ.

"ಏ ಪೋರಿ, ಈ ಮಳಿಗಾಲಕ್ಕ ನಿನ್ನ ಪೂಲ ಆಗತೈತಿ ಹೌದಿಲ್ಲೋ?"

"ಆಗತೈತಿ ಆಜಿ. ಮಳಿಕಿಂತ ಮೊದಲ ಆಗತೈತಿ."

ಅವಳು ಸುಳ್ಳು ಹೇಳಿರಲಿಲ್ಲ. ಈಚೆ ದಡದ ಕಂಬ ಎದ್ದಿತ್ತು. ಸೇತುವೆಯ ಕಬ್ಬಿಣವೆಲ್ಲ ಉದ್ಯಮಬಾಗದ ಅಂಗಳದಲ್ಲಿ ಬಣ್ಣ ಬಳಿದುಕೊಂಡು ಲಾರಿಗಾಗಿ ಕಾದಿತ್ತು.

ಏಪ್ರಿಲಿನಲ್ಲಿ ಒಂದು ದಿನ ಕರಂಜವಾಡಾದ ಕೆಲಸದ ಮೇಲ್ವಿಚಾರಕ ಸುಮಿತ ಫೋನ್ ಮಾಡಿದ. "ಮೇಡಂ, ಆಚೀ ದಂಡ್ಯಾಗ ಬಂಡಿಗಲ್ಲ ಸಿಗವಲ್ದು. ಅಗದಂಗ ಅಗದಂಗ ರಾಡಿ ಬರಾಕತ್ತೈತಿ."

ಅವಳು ಎಂಜಿನಿಯರನ್ನು ಕರೆದುಕೊಂಡು ಹೋಗಿ ನೋಡಿದಳು. ಮೊದಲು ಪರೀಕ್ಷೆಗೆಂದು ತೋಡಿದಾಗ ಸಿಕ್ಕದ್ದು ನೆಲದ ಬಂಡೆಯಾಗಿರಲಿಲ್ಲ. ಮಣ್ಣಿನಲ್ಲಿ ಹೂತಿದ್ದ ದೊಡ್ಡ ಗುಂಡುಕಲ್ಲಾಗಿತ್ತು. ಅದರ ಕೆಳಗೆ ಬರೀ ಕೆಸರು, ನೀರು. ಪಾಯ ಇನ್ನೂ ಆಳಕ್ಕೆ ಹೋಗಬೇಕು, ಅಗಲವೂ ಆಗಬೇಕು, ನಕ್ಷೆ ಹೊಸದಾಗಿ ಬರೆಯಬೇಕು ಅಂದರು ಎಂಜಿನಿಯರು. "ಮಳಿಗಾಲ ಮುಗಿದ ಮೇಲೇ ಮೇಡಂ. ನಡುವ ಗಡಿಬಿಡಿ ಮಾಡಿದ್ರ ಹಾಕಿದ ಕಾಂಕ್ರೀಟ ಹಳ್ಳದ ಪಾಲು."

ಅದರಲ್ಲಿ ಸಂಶಯವೇ ಇರಲಿಲ್ಲ. ಖಾನಾಪುರದ ಮಳೆ ಹೇಗೆ ಬೀಳುತ್ತದೆ ಅನ್ನುವುದು ಬೆಳಗಾವಿಯವರಿಗೆ ಗೊತ್ತು.

ಸುದ್ದಿ ಕೇಳಿ ಗುರುಪುತ್ರಪ್ಪನವರು ಕನ್ನಡಕ ತೆಗೆದು ಟೇಬಲ್ಲಿನ ಮೇಲಿಟ್ಟರು. ಅವರು ಒರಟು ಮನುಷ್ಯರಲ್ಲ. ಕೆಲಸ ಕಡಿಮೆ ಇದ್ದ ತಿಂಗಳಲ್ಲೂ ಯಾರನ್ನೂ ಮನೆಗೆ ಕಳಿಸಿದವರಲ್ಲ.

"ನೋಡವಾ, ಮುಂದಿನ ತಿಂಗಳ ಟ್ರಸ್ಟಿನವರ ಮೀಟಿಂಗ್ ಐತಿ. ಅದ್ರಾಗ ಇನ್ನೊಂದು ಪೂಲು ಯಾರಿಗೆ ಕೊಡೂದು ಅಂತ ತೀರ್ಮಾನ ಮಾಡ್ತಾರ. ಆ ಕೆಲಸ ಬಂದ್ರ ನಮ್ಮ ವೆಲ್ಡರ್ ಮಂದಿಗೆ ವರ್ಷ ತುಂಬ ಉದ್ಯೋಗ. ಅಲ್ಲೀ ತನಾ ಸುಮ್ನ ಇರೂಣು."

"ಈ ವಾರದ್ದು ಏನ್ ಬರೀಲ್ರಿ ಮತ್ತ?"

"ಪಾಯಾದ ಕೆಲಸ ನಡದೈತಿ ಅಂತ ಬರಿ. ಖರೇನ ನಡದೈತಲ್ಲ? ಅಗ್ಯಾಕತ್ತಾರ."

ಮಾತು ಸುಳ್ಳಾಗಿರಲಿಲ್ಲ. ಶನಿವಾರ ಅವಳು ಹಾಗೆಯೇ ಬರೆದಳು. ಅಗೆಯುತ್ತಿರುವ ಫೋಟೊ ಹಾಕಿದಳು. ಬಣ್ಣ ತುಂಬುವ ಚೌಕದ ಮುಂದೆ ಸ್ವಲ್ಪ ಹೊತ್ತು ಕುಳಿತು ಹಸಿರೇ ತುಂಬಿದಳು. ಪುಣೆಯಿಂದ ಐಶ್ವರ್ಯಾ ಅನ್ನುವ ಟ್ರಸ್ಟಿನ ಹೆಣ್ಣುಮಗಳು, ಧಾರವಾಡದ ಕಡೆಯವಳು, ಯಾವತ್ತಿನಂತೆ ಕೈಮುಗಿದ ಚಿತ್ರವೊಂದನ್ನು ಮರಳಿ ಕಳಿಸಿದಳು.

ಮಂಗಳವಾರ ಪ್ರಮಿಳಾ ಕರಂಜವಾಡಾಕ್ಕೆ ಹೋದಾಗ ಆಜಿಯ ಮನೆಯ ಹಿತ್ತಲಲ್ಲಿ ಎಮ್ಮೆಗಳಿಗೆ ಹೊಸ ಕೊಟ್ಟಿಗೆ ಏಳುತ್ತಿತ್ತು. ಉದ್ದನೆಯ ದಿಮ್ಮಿಗಳು, ಬಲಿತ ಬಿದಿರು. ಅವಳು ನೋಡುತ್ತ ನಿಂತಳು.

"ಛಲೋ ಕಟಗಿ ಅದಾವಲ್ಲ ಆಜಿ."

"ಸಾಕವಕ್ಕ ಇಟ್ಟಿದ್ವು. ಈ ವರ್ಷ ಸಾಕವ ಯಾಕ ಬೇಕು? ಎಮ್ಮಿಗಾರ ಆಗಲಿ ಅಂದೆ."

ಒಳಗಿನಿಂದ ಆಜಿಯ ಮೊಮ್ಮಗನ ಹೆಂಡತಿ ಸಾಕ್ಷಿ ಚಹಾ ತಂದಳು. ಬಸುರಿ, ಸೊಂಟದ ಮೇಲೆ ಕೈಯಿಟ್ಟು ನಿಧಾನ ನಡೆಯುತ್ತಿದ್ದಳು. ಆ ಊರಿನಲ್ಲಿ ಮಳೆಗಾಲದಲ್ಲಿ ದಿನ ತುಂಬುವ ಹೆಣ್ಣುಮಕ್ಕಳನ್ನು ಮೇ ತಿಂಗಳಲ್ಲೇ ಖಾನಾಪುರದ ನೆಂಟರ ಮನೆಗೆ ಕಳಿಸಿಬಿಡುವ ರೂಢಿ. ಪ್ರಮಿಳಾ ಅದನ್ನು ಕೇಳಿ ಬಲ್ಲಳು.

"ಖಾನಾಪುರಕ್ಕ ಯಾವಾಗ ಹೋಗ್ತೀ ತಂಗಿ?"

ಸಾಕ್ಷಿ ನಕ್ಕಳು. "ಹೋಗಂಗಿಲ್ರಿ. ಅಲ್ಲಿ ಮಾವಶಿ ಮನಿ ಭಾಳ ಸಣ್ಣದು. ಪೂಲ ಆಗತೈತಲ್ಲ, ನೋವು ಬಂದ ಮ್ಯಾಲ ಗಾಡಿ ಮಾಡಿಕೊಂಡು ಹೋದ್ರ ಆತು ಅಂತ ಆಜಿನ ಹೇಳ್ಯಾಳ."

ಪ್ರಮಿಳಾ ಕೈಯಲ್ಲಿದ್ದ ಚಹಾ ಕುಡಿದು ಮುಗಿಸಿದಳು. ಹೇಳಬೇಕೆಂದು ಬಾಯಿಗೆ ಬಂದದ್ದನ್ನು ಹೇಳಲಿಲ್ಲ. ಮಾಲಕರಿಗೆ ಒಪ್ಪಿ ಬಂದಿದ್ದಳು. ಅವರನ್ನು ಕೇಳದೆ ಮಾತು ಮುರಿಯುವುದು ಅವಳಿಗೆ ಆಗದು. ಆದರೆ ಹಳ್ಳ ದಾಟಿ ಜೀಪಿನ ಹತ್ತಿರ ಬಂದ ಮೇಲೆ ಆ ಕೊಟ್ಟಿಗೆಯ ಕಡೆಗೆ ತಿರುಗಿ ನೋಡಿದಳು. ಶನಿವಾರದ ಹಾಳೆ ಹೋಗುತ್ತಿದ್ದವರ ಪೈಕಿ ಕರಂಜವಾಡಾದವರು ಒಬ್ಬರೂ ಇರಲಿಲ್ಲ. ಅವಳ ಬಾಯಿಮಾತು ನಂಬಿ ಮನೆಯ ಕಟ್ಟಿಗೆ ಖರ್ಚು ಮಾಡಿದವರು ಮಾತ್ರ ಅವರೇ.

ಸಂಜೆ ಅವಳು ನೇರ ಮನೆಗೆ ಹೋಗದೆ ಆಟೋ ನಗರಕ್ಕೆ ಹೋದಳು. ಶಿವಲಿಂಗ ಒಂದು ಲಾರಿಯ ಅಡಿಯಿಂದ ಹೊರಬಂದು, ಚಿಂದಿಯಿಂದ ಕೈ ಒರೆಸಿಕೊಳ್ಳುತ್ತ ಅವಳ ಮಾತನ್ನೆಲ್ಲ ಕೇಳಿದ.

"ನಮ್ಮ ಕಡೆ ಎಲ್ಲಾರೂ 'ನಾಳಿ ಆಗತೈತಿ' ಅಂತನ ಹೇಳ್ತಾರ. ನಾನೂ ಹೇಳ್ತೇನಿ," ಅಂದ. "ಆದ್ರ ಲಾರಿ ಮಾಲಕ ಬಂದು ಇಲ್ಲೇ ಕುಂದರತಾನ. ಗೇರ್ ಬಾಕ್ಸ್ ನೆಲದ ಮ್ಯಾಲ ಬಿಚ್ಚಿ ಬಿದ್ದಿದ್ದು ಕಣ್ಣಿಗೆ ಕಾಣತೈತಿ. ನಾಳಿ ಅಂದ್ರ ನಾಡದು ಅಂತ ಅವನ ತಿಳಕೋತಾನ. ಆ ಊರಿನ ಮಂದಿಗೆ ಪಾಯಾದಾಗ ಏನೈತಿ ಅಂತ ಹೆಂಗ ತಿಳೀಬೇಕು?"

ಇಬ್ಬರೂ ಗಾಡಿ ಹತ್ತಿ ಕಾಕತಿಯ ಮನೆಗೆ ಬಂದರು. ಅವಳ ತಾಯಿ ಮಾಯವ್ವ ರೊಟ್ಟಿ ಬಡಿಯುತ್ತಿದ್ದಳು. ಶೀತಲ ಮರಾಠಿ ಹಾಡು ಗುನುಗುತ್ತ ಹೋಮ್‌ವರ್ಕ್ ಮಾಡುತ್ತಿದ್ದಳು. ಪ್ರಮಿಳಾ ಊಟ ಮಾಡಿದಳು; ನಿದ್ದೆಯೂ ಬಂತು. ಏನು ಮಾಡಬೇಕು ಅನ್ನುವುದು ಅಷ್ಟರಲ್ಲಿ ತೀರ್ಮಾನವಾಗಿತ್ತು.

ಮರುದಿನ ಬೆಳಿಗ್ಗೆ ಗುರುಪುತ್ರಪ್ಪನವರು ವಿಭೂತಿ ಹಚ್ಚಿಕೊಂಡು ಬಂದು ಕುರ್ಚಿಯಲ್ಲಿ ಕೂತ ಕೂಡಲೇ ಅವಳು ಒಳಗೆ ಹೋದಳು.

"ಸರ, ಕರಂಜವಾಡಾದವ್ರಿಗೆ ಈ ಮಳಿಗಾಲಕ್ಕ ಪೂಲ ಆಗಂಗಿಲ್ಲ ಅಂತ ಹೇಳಿ ಬರ್ತೇನ್ರಿ. ಆಮ್ಯಾಲ ಟ್ರಸ್ಟಿಗೂ ಹೇಳ್ತೇನಿ."

"ಮೀಟಿಂಗ್ ಮುಗೀಲಿ ಅಂದಿದ್ದೆ."

"ಮೀಟಿಂಗ್ ಮುಗಿಯೂದ್ರಾಗ ಅವ್ರು ಸಾಕವ ಕಟ್ಟೂ ದಿನ ಮುಗದು ಹೋಗ್ತಾವ್ರಿ."

"ಹೇಳೂದಾದ್ರ ಮೊದಲ ರೊಕ್ಕ ಕೊಟ್ಟವ್ರಿಗೆ ಹೇಳಬೇಕು. ಊರಿಗೆ ಹೇಳಿ ಅವ್ರಿಗೆ ಆಮ್ಯಾಲ ಹೇಳಿದ್ರ ಏನ್ ತಿಳಕೋತಾರ?"

"ಸಿಟ್ಟಾಗ್ತಾರ್ರಿ. ಆದ್ರ ಸಿಟ್ಟಾಗಾಕ ಅವ್ರಿಗೆ ಪುರಸೊತ್ತು ಐತಿ. ಊರವ್ರಿಗೆ ಇಲ್ಲ." ಅವಳು ಕೊಟ್ಟಿಗೆಯ ವಿಷಯ ಹೇಳಿದಳು. ಸಾಕ್ಷಿಯ ವಿಷಯ ಹೇಳಿದಳು.

ಗುರುಪುತ್ರಪ್ಪನವರು ಕನ್ನಡಕ ತೆಗೆದು ಕಿಟಕಿಯ ಕಡೆ ನೋಡಿದರು. ಅಂಗಳದಲ್ಲಿ ಸೇತುವೆಯ ಕಬ್ಬಿಣ ಬಿಸಿಲಿಗೆ ಮಿಂಚುತ್ತಿತ್ತು.

"ಎಷ್ಟರಾಗ ಅದಾಳ ಆ ಹುಡಗಿ?"

"ಐದರಾಗ್ರಿ."

ಅವರು ಮತ್ತೆ ಕನ್ನಡಕ ಹಾಕಿಕೊಂಡರು. "ಬರೇ 'ಆಗಂಗಿಲ್ಲ' ಅಂತ ಬಾಯಿ ತಗೊಂಡು ಹೋಗಬ್ಯಾಡ. ನಮ್ಮ ಹಂತ್ಯಾಕ ಸೆಂಟ್ರಿಂಗ್ ಪೈಪು, ಹಲಗಿ ಬಿದ್ದಾವ. ಸುಮಿತನ ಮಂದಿ ಹೆಂಗೂ ಅಲ್ಲೇ ಅದಾರ. ಸಾಕವ ಗಟ್ಟಿ ಮಾಡಿ ಕೊಡತೇವಿ ಅಂತ ಹೇಳು." ಮತ್ತೆ, ಅವಳು ಬಾಗಿಲ ಹತ್ತಿರ ಹೋದಾಗ, "ಟ್ರಸ್ಟಿಗೆ ಇವತ್ತ ಹೇಳು. ನಾಳಿ ಅನಬ್ಯಾಡ" ಅಂದರು. ಮುಖದಲ್ಲಿ ಸಮಾಧಾನವಿರಲಿಲ್ಲ.

ಕರಂಜವಾಡಾದ ಜನ ಶಾಲೆಯ ಕಟ್ಟೆಯ ಮೇಲೆ ಸೇರಿದರು. ಕೆಲಸಕ್ಕೆ ಹೋದವರು ಹೋಗಿದ್ದರು. ಹೆಂಗಸರು, ಮುದುಕರು, ರಜೆಯಲ್ಲಿದ್ದ ಒಂದಿಬ್ಬರು ಗಂಡಸರು ಬಂದು ಕೂತರು. ಪ್ರಮಿಳಾ ನಿಂತುಕೊಂಡೇ ಹೇಳಿದಳು. ಮರಾಠಿಯಲ್ಲಿ ಶುರುಮಾಡಿ, ಪಾಯದ ವಿಷಯ ಬಂದಾಗ ಮಾತು ಸಿಗದೆ ಕನ್ನಡಕ್ಕೆ ಬಂದಳು. ಸುಮಿತ ಉಳಿದದ್ದನ್ನು ಮರಾಠಿಯಲ್ಲಿ ಬಿಡಿಸಿ ಹೇಳಿದ. ಆಚೆ ದಡದಲ್ಲಿ ಕೆಸರು ಸಿಕ್ಕಿದೆ. ಈ ಮಳೆಗಾಲಕ್ಕೆ ಸೇತುವೆ ಆಗುವುದಿಲ್ಲ. ಮಳೆ ಬಿಟ್ಟ ಮೇಲೆ ಮತ್ತೆ ಶುರುವಾಗುತ್ತದೆ.

ಯಾರೂ ಕೂಗಾಡಲಿಲ್ಲ. ಒಬ್ಬ ಗಂಡಸು ಎದ್ದು ಹೋಗಿ, ಪಾಯದ ಗುಂಡಿ ನೋಡಿ ಮರಳಿ ಬಂದು ಕೂತ. ಲಕ್ಷ್ಮೀ ಆಜಿ ಸೆರಗಿನಿಂದ ಬಾಯಿ ಒರೆಸಿಕೊಂಡು ಕೇಳಿದಳು.

"ನಿನ್ನಿ ನನ್ನ ಮನಿಗೆ ಬಂದಿದ್ದೆಲ್ಲ, ಆವಾಗ ನಿನಗ ಗೊತ್ತಿತ್ತೇನು?"

ಪ್ರಮಿಳಾ ಈ ಪ್ರಶ್ನೆಗೆ ಹೆದರಿದ್ದಳು. ಸುಮಿತ ಏನೋ ಹೇಳಲು ಬಾಯಿ ತೆರೆದ. ಅವಳು ಕೈಯಿಂದಲೇ ತಡೆದಳು.

"ಗೊತ್ತಿತ್ತು ಆಜಿ."

"ಚಹಾ ಕುಡದು ಹ್ವಾದಿ."

"ಹೂಂ."

ಆಜಿ ಮುಖ ತಿರುಗಿಸಿದಳು. ಕೆಲಸಕ್ಕೆ ಸೇರಿದಾಗಿನಿಂದ ಅಷ್ಟು ಸಣ್ಣವಳಾಗಿ ಪ್ರಮಿಳಾ ಎಲ್ಲೂ ನಿಂತಿರಲಿಲ್ಲ. ಆದರೂ ಅಲ್ಲಿಂದ ಹೊರಡದೆ, ಸೆಂಟ್ರಿಂಗ್ ಪೈಪಿನ ಮಾತು, ಹಲಗೆಯ ಮಾತು ಹೇಳಿದಳು. ಸಾಕವ ಎಲ್ಲಿ ಕಟ್ಟಿದರೆ ನೀರಿನ ಹೊಡೆತ ಕಡಿಮೆ ಎಂದು ಊರಿನವರು ತಮ್ಮತಮ್ಮಲ್ಲೇ ಮಾತಿಗೆ ತೊಡಗಿದರು. ಗೋವಾಕ್ಕೆ ದುಡಿಯಲು ಹೋದ ಹುಡುಗರಿಗೆ ಎರಡು ದಿನ ಬಂದು ಹೋಗಲು ಹೇಳೋಣ ಅಂದರು ಒಬ್ಬರು. ರೇಷನ್ನು ಮೊದಲೇ ತಂದಿಡಬೇಕು ಅಂದರು ಇನ್ನೊಬ್ಬರು. ಮಾತು ಮಾತಿಗೆ ಸೇರಿ, ಮಧ್ಯಾಹ್ನದ ಹೊತ್ತಿಗೆ ಮಳೆಗಾಲದ ಏರ್ಪಾಡು ಒಂದು ರೂಪಕ್ಕೆ ಬಂತು. ಅವಳನ್ನು ಯಾರೂ ಊಟಕ್ಕೆ ಕರೆಯಲಿಲ್ಲ. ಹೊರಡುವಾಗ ಸಾಕ್ಷಿ ಮಾತ್ರ ಹಳ್ಳದ ತನಕ ಬಂದಳು.

"ಮಾವಶಿಗೆ ಇವತ್ತ ಫೋನ್ ಹಚ್ಚತೇನ್ರಿ" ಅಂದಳು. ಅಷ್ಟೇ.

ಕಾಡು ದಾಟಿ ಖಾನಾಪುರದ ಹತ್ತಿರ ಫೋನಿಗೆ ಸಿಗ್ನಲ್ ಬಂದ ಕೂಡಲೇ ಪ್ರಮಿಳಾ ಜೀಪು ನಿಲ್ಲಿಸಿ ಐಶ್ವರ್ಯಾಳಿಗೆ ಫೋನ್ ಮಾಡಿದಳು. ಎಲ್ಲವನ್ನೂ ಹೇಳಿದಳು. ಹೊಸ ನಕ್ಷೆ ಯಾವಾಗ ಬರುತ್ತದೆ, ಕೆಲಸ ಯಾವಾಗ ಮತ್ತೆ ಶುರುವಾಗುತ್ತದೆ ಅನ್ನುವುದನ್ನೂ ಹೇಳಿದಳು. ಆ ಕಡೆ ಪೆನ್ನು ಓಡುವ ಸದ್ದು ಕೇಳಿಸುತ್ತಿತ್ತು.

"ನೆಲದ ಕೆಳಗ ಏನದ ಅಂತ ಯಾರಿಗೂ ಗೊತ್ತಿರೂದಿಲ್ಲ ಪ್ರಮಿಳಾ. ತಡ ಆದದ್ದಕ್ಕ ನನ್ನ ತಕರಾರಿಲ್ಲ," ಅಂದಳು ಐಶ್ವರ್ಯಾ. "ಆದ್ರ ಹೋದ ವಾರದ ಹಾಳಿ ನನ್ನ ಮುಂದ ಅದ. ಅದ್ರಾಗ ಹಸಿರು ಅದ. ಅದನ್ನ ನಾನು ಟ್ರಸ್ಟಿನವ್ರಿಗೆ ತೋರಿಸೀನಿ. ಈಗ ನಾ ಹೋಗಿ ಏನ್ ಹೇಳಲಿ?"

"ಬರದಾಕಿ ತಪ್ಪು ಬರದಾಳ ಅಂತ ಹೇಳ್ರಿ."

"ಹಂಗ ಹೇಳ್ತೀನಿ," ಅಂದಳು ಐಶ್ವರ್ಯಾ.

ಹಾಗೆಯೇ ಹೇಳಿದ್ದಳು ಅಂತ ಕಾಣುತ್ತದೆ. ಮುಂದಿನ ತಿಂಗಳ ಮೀಟಿಂಗಿನಲ್ಲಿ ಎರಡನೆಯ ಸೇತುವೆಯ ಕೆಲಸ ಯಾರಿಗೂ ಕೊಡಲಿಲ್ಲ. ಮೊದಲಿನದು ಮುಗಿಯಲಿ, ಆಮೇಲೆ ನೋಡೋಣ ಅಂದರು. ಗುರುಪುತ್ರಪ್ಪನವರು ಕೆಲವು ವಾರ ಪ್ರಮಿಳಾಳ ಜೊತೆ ಕೆಲಸದ ಮಾತನ್ನಷ್ಟೇ ಆಡಿದರು. ವೆಲ್ಡರುಗಳಿಗೆ ಕೆಲಸ ಒದಗಿಸಲು ತಾವೇ ಓಡಾಡಿ ಒಂದು ಗೋದಾಮಿನ ಚಾವಣಿ ಹಿಡಿದು ತಂದರು. ಅದು ಅವರಿಗೆ ಒಲ್ಲದ ಗಿರಾಕಿಯ ಕೆಲಸ. ಪ್ರಮಿಳಾಗೆ ಅದು ಗೊತ್ತಿತ್ತು. ಶನಿವಾರದ ಹಾಳೆಯಲ್ಲಿ ಕರಂಜವಾಡಾದ ಮುಂದೆ ಕೆಂಪು ಬಣ್ಣ ಮಳೆಗಾಲವಿಡೀ ಇತ್ತು. ಮೊದಮೊದಲು ಅವಳು ಆ ಸಾಲನ್ನು ನೋಡದೆ ಬೇಗ ಮುಂದಕ್ಕೆ ಸರಿಸುತ್ತಿದ್ದಳು. ಆಮೇಲೆ ರೂಢಿಯಾಯಿತು.

ಊರಿಗೆ ಸುದ್ದಿ ಮುಟ್ಟಿಸಲು ಅವಳು ಬೇರೆ ದಾರಿ ಮಾಡಿದಳು. ಕರಂಜವಾಡಾದಲ್ಲಿ ಬಣ್ಣದ ಹಾಳೆ ಯಾರು ಓದಬೇಕು? ಶನಿವಾರ ಎಲ್ಲರಿಗೂ ಹಾಳೆ ಕಳಿಸಿದ ಮೇಲೆ ಅವಳು ಫೋನಿನಲ್ಲಿ ಮಾತಾಡಿ, ಆ ಧ್ವನಿಯನ್ನು ಊರಿನ ವಾಟ್ಸಾಪ್ ಗುಂಪಿಗೆ ಹಾಕತೊಡಗಿದಳು. ಈ ವಾರ ನಕ್ಷೆ ಬಂತು. ಈ ವಾರ ಏನೂ ಆಗಿಲ್ಲ. ಈ ವಾರವೂ ಏನೂ ಆಗಿಲ್ಲ. ಊರಿನ ಹಿಂದಿನ ಗುಡ್ಡದ ಮೇಲೆ ಮಾತ್ರ ಅಲ್ಲಿ ಸಿಗ್ನಲ್ ಸಿಗುತ್ತದೆ. ಎಮ್ಮೆ ಮೇಯಿಸಲು ಹೋದವರು ಅಲ್ಲಿ ಅದನ್ನು ಇಳಿಸಿಕೊಂಡು ಸಂಜೆ ಮನೆಯಲ್ಲಿ ಕೇಳಿಸುತ್ತಿದ್ದರಂತೆ. ಶೀತಲ ಬಾಜು ಕೂತು ತಾಯಿಯ ಮರಾಠಿ ತಿದ್ದುತ್ತಿದ್ದಳು. ಉತ್ತರ ಬರುತ್ತಿದ್ದುದು ಕಡಿಮೆ.

ಪೈಪಿನ ಸಾಕವ ಜುಲೈಯ ಮಳೆಗೆ ನಿಂತಿತು. ಆಗಸ್ಟಿನಲ್ಲಿ ಒಂದು ಮರ ಬಂದು ಬಡಿದು ನಡುವೆ ಮುರಿಯಿತು. ಆ ಹೊತ್ತಿಗೆ ಮನೆಗಳಲ್ಲಿ ಕಾಳುಕಡಿ ಇತ್ತು. ಸಾಕ್ಷಿ ಖಾನಾಪುರದಲ್ಲಿ ಹೆಣ್ಣುಮಗು ಹೆತ್ತಳು. ಹೆರಿಗೆ ಸುಲಭವಾಗಿರಲಿಲ್ಲ, ದವಾಖಾನೆ ಹತ್ತಿರ ಇದ್ದದ್ದಕ್ಕೆ ಇಬ್ಬರೂ ಉಳಿದರು ಅಂತ ಸುಮಿತ ಹೇಳಿದ. ಪ್ರಮಿಳಾ ಖಾನಾಪುರಕ್ಕೆ ಹೋಗಿ, ಕೂಸಿನ ತಲೆಗೆ ಒಂದು ಕುಲಾಯಿ ಕೊಟ್ಟು ಬಂದಳು. ಸಾಕ್ಷಿಯ ಜೊತೆಗೆಂದು ಮೊದಲೇ ಬಂದಿದ್ದ ಲಕ್ಷ್ಮೀ ಆಜಿ ಅವಳನ್ನು ಮೇಲಿಂದ ಕೆಳಗೆ ನೋಡಿ, "ಕುಂದರು" ಅಂದಳು.

ಮಳೆ ಬಿಟ್ಟು ಹಳ್ಳ ಇಳಿದ ಮೇಲೆ ಪಾಯ ತೋಡಿದರು. ಈ ಸಲ ಆಳಕ್ಕೆ ಹೋಗಿ ನಿಜವಾದ ಬಂಡೆ ಮುಟ್ಟಿದರು. ಸಂಕ್ರಾಂತಿ ಕಳೆದು ಕೆಲವು ದಿನಕ್ಕೆ ಉದ್ಯಮಬಾಗದ ಅಂಗಳದಿಂದ ಕಬ್ಬಿಣ ಲಾರಿ ಹತ್ತಿತು. ಸೇತುವೆ ಜೋಡಿಸಿ ಮುಗಿದ ದಿನ ಗುರುಪುತ್ರಪ್ಪನವರೂ ಬಂದಿದ್ದರು. ಐಶ್ವರ್ಯಾ ಪುಣೆಯಿಂದ ಬಂದಿದ್ದಳು. ಭಾಷಣ ಇರಲಿಲ್ಲ. ಜನ ಆಚೆ ಈಚೆ ಸುಮ್ಮನೆ ಎರಡು ಮೂರು ಸಲ ಓಡಾಡಿದರು. ಎಮ್ಮೆಗಳು ಕಬ್ಬಿಣದ ಸದ್ದಿಗೆ ಬೆದರಿ ಹಳ್ಳಕ್ಕೇ ಇಳಿದವು. ಹೋಗುವಾಗ ಐಶ್ವರ್ಯಾ, ಇನ್ನೊಂದು ಸೇತುವೆಯ ಮಾತು ಏಪ್ರಿಲಿನಲ್ಲಿ ಮತ್ತೆ ಬರುತ್ತದೆ ಅಂದಳು. ಸಿಗುತ್ತದೆ ಅನ್ನಲಿಲ್ಲ. ಗುರುಪುತ್ರಪ್ಪನವರು ಜೀಪಿನಲ್ಲಿ ಕೂತ ಮೇಲೆ, "ಆ ಸಲಾ ಪಾಯಾ ಎರಡೂ ದಂಡಿಗೆ ಸರಿಯಾಗಿ ಅಗಿಸಿ ನೋಡವಾ, ಮೊದಲ" ಅಂದರು. ಪ್ರಮಿಳಾ ಹೂಂ ಅಂದಳು.

ಕೆಲಸ ಮುಗಿದದ್ದರಿಂದ ಶನಿವಾರದ ಹಾಳೆಯಿಂದ ಕರಂಜವಾಡಾದ ಸಾಲು ಹೋಯಿತು. ಊರಿನ ಗುಂಪಿಗೂ ಅವಳು ಏನೂ ಹಾಕಲಿಲ್ಲ. ಮರುವಾರ ಭಾನುವಾರ ಬೆಳಿಗ್ಗೆ, ಅವಳು ಬಟ್ಟೆ ಒಣಹಾಕುತ್ತಿದ್ದಾಗ, ಸಾಕ್ಷಿಯ ನಂಬರಿನಿಂದ ಫೋನ್ ಬಂತು. ಆಚೆ ಆಜಿ, ಖಾನಾಪುರದ ಮಾವಶಿಯ ಮನೆಯಿಂದ.

"ಈ ಶನಿವಾರ ಏನೂ ಹೇಳಲಿಲ್ಲ ನೀನು?"

"ಪೂಲ ಆತಲ್ಲ ಆಜಿ. ಇನ್ನ ಹೇಳೂದು ಏನೈತಿ?"

"ಪೂಲ ಆದ್ರ ಆಗಲಿ. ಮನ್ಯಾಗ ಎಲ್ಲಾರೂ ಹೆಂಗದಾರ, ಅದನ್ನ ಹೇಳು."

ಪ್ರಮಿಳಾ ಹಸಿ ಸೀರೆಯನ್ನು ತಂತಿಯ ಮೇಲೆ ಹಾಕಿ, ಕಟ್ಟೆಯ ಮೇಲೆ ಕೂತಳು. ಶೀತಲಳ ಪರೀಕ್ಷೆ ಹತ್ತಿರ ಬಂದಿದೆ ಅಂದಳು. ಮಾಯವ್ವನಿಗೆ ಮೊಣಕಾಲು ನೋವು ಅಂದಳು. ಆಜಿ ಮೊಣಕಾಲಿಗೆ ಯಾವ ಎಣ್ಣೆ ಹಚ್ಚಬೇಕು ಅಂತ ಹೇಳತೊಡಗಿದಳು. ನಡುವೆ ಕೂಸು ಅಳುವ ಸದ್ದು ಕೇಳಿಸಿತು. ಸಾಕ್ಷಿ ಏನೋ ಅಂದಳು. ಆಜಿ ಅವಳಿಗೆ ಉತ್ತರ ಕೊಟ್ಟು, ಮತ್ತೆ ಎಣ್ಣೆಯ ಮಾತಿಗೆ ಬಂದಳು.